ವೈದೇಹಿಯ ಬಳೆ

ಹೆದರಿದ ಮಕ್ಕಳ ವಯಸ್ಸು ಇಳಿಯುವುದು ಮಕ್ಕಳ ವಾರ್ಡಿನಲ್ಲಿ ಮಾಮೂಲಿ. ಏಳು ವರ್ಷದ ವೈದೇಹಿ ನಾಲ್ಕೇ ದಿನಕ್ಕೆ ಮೂರು ವರ್ಷದ ಕೂಸಾಗಿದ್ದಳು. ಸಾಬೂನು ಹಚ್ಚಿ ಏರಿಸಿದ್ದ ಬಳೆ ಈಗ ಮಣಿಕಟ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೂ ಇಳಿದರೆ ಮಾತೇ ಹೋಗುತ್ತದೆಂದು ತಾಯಿ ಅಂಬುಜಾ ದೇವರನ್ನು ನೆನೆಯುತ್ತ ಕುಳಿತಿದ್ದಳು.

ನರ್ಸ್ ಫಿಲೋಮಿನಾ ಸೂಜಿ ತಂದಳು.

“ಏನೂ ನೋಯಲ್ಲ, ಚಿನ್ನಾ,” ಎಂದಳು ಅಂಬುಜಾ. ಬಳೆ ಕಳಚಿ ನೆಲಕ್ಕೆ ಬಿತ್ತು.

“ದಿನಾ ಹೀಗೇ ಅಂತೀರಿ, ದಿನಾ ನೋಯುತ್ತೆ. ಮಗು ಯಾರನ್ನ ನಂಬಬೇಕು? ನಿಜ ಹೇಳೀಮ್ಮಾ,” ಎಂದು ಫಿಲೋಮಿನಾ ಗದರಿದಳು.

ಅಂಬುಜಾ ಮಗಳ ಕೈ ಹಿಡಿದುಕೊಂಡಳು. “ನೋಯುತ್ತೆ ಕಂದಾ, ಹತ್ತು ಎಣಿಸೋವರೆಗೆ. ನಂಗೂ ಭಯ.”

ವೈದೇಹಿ ಅಮ್ಮನ ಮುಖವನ್ನೇ ದಿಟ್ಟಿಸಿದಳು. “ನೀ ಅಳ್ಬೇಡ. ನಾನೇ ಎಣಿಸ್ತೀನಿ.”

ಹತ್ತಾಯಿತು. ಅಂಬುಜಾ ಬಳೆಯನ್ನೆತ್ತಿ ಮಗಳ ಕೈಗೆ ತೊಡಿಸಹೋದಳು. ಮತ್ತೆ ಸಾಬೂನು ಬೇಕಾಯಿತು.