ಕಪ್ಪೆ, ಗುಬ್ಬಿ

“ನೋಡಿದ್ರಾ? ಕಾಮೆಂಟರಿ ಇರೋದನ್ನೇ ನೋಡಿದ್ರಿ ತಾನೆ?”

ನಂಬರಕ್ಕ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಆಗಲೇ ಗಾಜಪ್ಪ ಮುಗಿಬಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ನಂಬರು ಬರೆದುಕೊಡುವವಳು ಅವಳು. ಆ ನಂಬರಿನ ಗಾಜನ್ನು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವವನು ಇವನು. ಕಳಪೆ ಸಿನಿಮಾ ಒಂದು ಕಡೆ ಓಡುತ್ತಿದ್ದರೆ, ಇಬ್ಬರು ಕೂತು ಅದರ ಮಾನ ಹರಾಜು ಹಾಕುವ ಹನ್ನೊಂದು ಕಾಮೆಂಟರಿಗಳನ್ನು ಇವನು ಅಂಗಡಿಗೆ ಬಂದವರಿಗೆಲ್ಲ ನೋಡಿ ನೋಡಿ ಎಂದು ದುಂಬಾಲು ಬಿದ್ದಿದ್ದ. ಕಣ್ಣು ಮಂಜಾಗಿದೆ ಎಂದು ಬಂದ ಮುದುಕರನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ! ಎಲ್ಲರೂ ಹೂಂ ಎಂದು ಹೋದವರೇ. ಒಂದನ್ನಾದರೂ ನಿಜವಾಗಿ ನೋಡಿ ಬಂದವಳು ಇವಳೊಬ್ಬಳೇ.

ಆ ಇಬ್ಬರು ಯಾರೆಂದು ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಒಬ್ಬ ಅವನೇ, ಇನ್ನೊಬ್ಬಳು ಅವನ ಹೆಂಡತಿ. ಗುರುತು ಸಿಕ್ಕರೆ ಮರ್ಯಾದೆ ಹೋದೀತೆಂದು ಇಬ್ಬರ ದನಿಯನ್ನೂ ಕಂಪ್ಯೂಟರಿನಲ್ಲಿ ತಿರುಚಿ, ತನ್ನದನ್ನು ಕಪ್ಪೆಯ ಹಾಗೆ, ಅವಳದನ್ನು ಗುಬ್ಬಿಯ ಹಾಗೆ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದ. ಎರಡು ವರ್ಷದ ಹಿಂದೆ ಜಗಳವಿಲ್ಲ, ಕೂಗಾಟವಿಲ್ಲ, “ನಂಗೆ ಸಾಕಾಗಿದೆ” ಎಂದಷ್ಟೇ ಹೇಳಿ ಅವಳು ತಂಗಿಯ ಮನೆಗೆ ಹೋದಳು. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ನಾನು ಮಾಡಿದ್ದಾದರೂ ಏನು ಎಂದು ಅವನು ಗೋಡೆಗಳನ್ನು ಕೇಳಿ ಸೋತಿದ್ದ. ಮನೆಯ ಮೌನ ಅವನನ್ನು ತಿಂದುಹಾಕುತ್ತಿತ್ತು. ಫೋನ್ ಮಾಡುವುದಕ್ಕೆ ಒಂದು ನೆಪ ಬೇಕಿತ್ತು. ಹೊರಗಿನವರು ಒಬ್ಬರು ಮೆಚ್ಚಿದರೂ ಸಾಕು, ‘ಜನ ಹನ್ನೆರಡನೆಯದು ಯಾವಾಗ ಅಂತಿದಾರೆ, ಬಾ’ ಎಂದು ಕರೆಯಬಹುದಿತ್ತು.

“ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ಕಣ್ರೀ!” ಎಂದಳು ನಂಬರಕ್ಕ. “ಆ ಹೆಲಿಕಾಪ್ಟರ್ ದಾರದಲ್ಲಿ ನೇತಾಡ್ತಿದೆ, ಹೀರೋ ನೋಡಿದ್ರೆ ಉಸಿರು ಬಿಗಿಹಿಡಿದು ಗುರಿ ಇಡ್ತಿದಾನೆ! ‘ಹುಷಾರಪ್ಪಾ, ಬಟ್ಟೆ ಒಣಹಾಕೋ ಹಗ್ಗ ಹರಿದೀತು’ ಅಂತಾನಲ್ಲ ಆ ಕಪ್ಪೆ!”

ಗಾಜಪ್ಪನ ಕೈ ಆಗಲೇ ಜೇಬಿನಲ್ಲಿದ್ದ ಫೋನಿನ ಮೇಲಿತ್ತು.

“ಆದ್ರೆ ಗುಬ್ಬಿ, ಪಾಪ.”

“ಪಾಪ ಯಾಕೆ?”

“‘ನಂಗೇನ್ ಅನ್ಸುತ್ತೆ ಅಂದ್ರೆ’ ಅಂತ ಅವಳು ಶುರು ಮಾಡಿದಾಗೆಲ್ಲ ಕಪ್ಪೆ ಅಡ್ಡಬಾಯಿ ಹಾಕ್ತಾನೆ. ಹದಿನಾಲ್ಕು ಸಲ, ಎಣಿಸಿದೀನಿ. ಒಂದು ಮಾತು ಮುಗಿಸೋಕೂ ಬಿಟ್ಟಿಲ್ಲ.”

“ಅದೇ ಅಲ್ವೇನ್ರೀ ತಮಾಷೆ!”

“ಹೌದು, ನಾನೂ ನಕ್ಕೆ. ಆದ್ರೆ ನನ್ನ ಕೆಲಸ ನಿಮಗೆ ಗೊತ್ತಲ್ಲ. ‘ಈಗ ಹೇಗೆ ಕಾಣ್ತಿದೆ’ ಅಂತ ಕೇಳಿ ಬಾಯಿ ಮುಚ್ಕೊಂಡು ಕಾಯ್ಬೇಕು. ಉತ್ತರಾನೂ ನಾನೇ ಹೇಳಿದ್ರೆ ಅವರ ಕಣ್ಣಿನ ನಂಬರು ಸಿಗುತ್ತಾ? ಆ ಅಭ್ಯಾಸಕ್ಕೋ ಏನೋ, ಗುಬ್ಬಿ ಏನು ಹೇಳೋಕೆ ಹೊರಟಿದ್ಳು ಅನ್ನೋದೇ ತಲೇಲಿ ಕೂತ್ಬಿಟ್ಟಿದೆ. ನೀವು ಅಷ್ಟೊಂದು ಸಲ ನೋಡಿದೀರಲ್ಲ, ನಿಮಗೆ ಗೊತ್ತಾ?”

ಗಾಜಪ್ಪನಿಗೆ ಗೊತ್ತಿರಲಿಲ್ಲ. ಆ ದಿನ ಯಾರದೋ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡ.

ಸಂಜೆ ಮನೆಗೆ ಬಂದವನು ಬಟ್ಟೆಯನ್ನೂ ಬದಲಿಸದೆ ಆ ಕಾಮೆಂಟರಿ ಹಾಕಿಕೊಂಡು ಕೂತ. ತನ್ನ ಯಾವ ಜೋಕಿಗೂ ನಗು ಬರಲಿಲ್ಲ. ಹದಿನಾಲ್ಕೂ ಸಲ ಅವಳ ಮಾತು ಅರ್ಧಕ್ಕೇ ನಿಂತಿತು, ಹದಿನಾಲ್ಕೂ ಸಲ ಅವಳು ನಕ್ಕು ಸುಮ್ಮನಾದಳು. ಮುಗಿದ ಮೇಲೆ ಹೆಂಡತಿಗೆ ಫೋನ್ ಮಾಡಿದ.

“ಹೇಳಿ,” ಎಂದಳು. ಗುಬ್ಬಿಯದಲ್ಲ, ಅವಳದೇ ದನಿ.

“ಆ ಹೆಲಿಕಾಪ್ಟರ್ ಸಿನಿಮಾ ನೋಡ್ತಾ ನೀನು ಏನೇನೋ ಹೇಳೋಕೆ ಹೊರಟಿದ್ದೆ. ನಾನು ಬಿಡ್ಲಿಲ್ಲ. ಒಂದಾದ್ರೂ ಹೇಳೇ, ಏನದು?”

ಅವನ ನಾಲಿಗೆ ತುದಿಗೆ ಎರಡು ಮೂರು ಚಾಟೂಕ್ತಿಗಳು ಬಂದು ನಿಂತವು. ಹಲ್ಲು ಕಚ್ಚಿ ನುಂಗಿಕೊಂಡ. ಆ ಕಡೆ ಯಾರೋ ಪಾತ್ರೆ ಜೋಡಿಸುವ ಸದ್ದು. ಕಾದ. ಅವಳಿಗಾಗಿ ಅಷ್ಟು ಹೊತ್ತು ಅವನು ಎಂದೂ ಕಾದಿರಲಿಲ್ಲ.

“ಅಯ್ಯೋ, ಅದನ್ನ ಈಗ ಕೇಳಿದ್ರೆ?” ಎಂದಳು. “ನಂಗೇ ಮರೆತುಹೋಗಿದೆ ರೀ.”