ಎಡಗಡೆಯ ಚುಕ್ಕೆ

“ಇನ್ನು ಮಾನಿಟರ್ ಒಂದು ಆರಿಸಿದ್ರೆ ಮುಗೀತಪ್ಪ,” ಎಂದಳು ಮಗಳು. ಇದೇ ಮಾತನ್ನು ಅವಳು ಪ್ರೊಸೆಸರ್ ಆರಿಸುವಾಗಲೂ ಹೇಳಿದ್ದಳು, ಗ್ರಾಫಿಕ್ಸ್ ಕಾರ್ಡ್ ಆರಿಸುವಾಗಲೂ ಹೇಳಿದ್ದಳು. ಬೆಳಗಿನಿಂದ ಇದು ಮೂರನೆಯ ಅಂಗಡಿ. ಇಪ್ಪತ್ತಾರು ವರ್ಷ ಬಸ್ಸಿನ ಸ್ಟೀರಿಂಗ್ ಹಿಂದೆ ಕೂತೇ ಕಳೆದ ಅಪ್ಪನಿಗೆ ನಿಂತೂ ನಿಂತೂ ಕಾಲು ಕಂಬವಾಗಿದ್ದವು. ವಾರಕ್ಕಿದ್ದ ಒಂದು ರಜೆ ಇಲ್ಲೇ ಕರಗುತ್ತಿತ್ತು. ಆದರೂ ಇಲ್ಲವೆನ್ನಲು ಮನಸ್ಸಿರಲಿಲ್ಲ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದಲ್ಲಿ ಮಗಳದು ಎತ್ತಿದ ಕೈ, ಮುಂದಿನ ತಿಂಗಳು ದೊಡ್ಡ ಪಂದ್ಯವಿತ್ತು.

“ಪವರ್ ಸಪ್ಲೈ ಒಂದು ಸೈಜು ದೊಡ್ಡದೇ ಇರ್ಲಿ ತಾಯಿ,” ಎಂದರು ಅವರು, ಬಿಡಿಭಾಗಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದ ಅಂಗಡಿಯಾಕೆಗೆ. “ಎಂಜಿನ್ ದೊಡ್ಡದಿಟ್ಟು ಡೀಸೆಲ್ ಪೈಪ್ ಸಣ್ಣದಿಟ್ರೆ ಏರು ಹತ್ತುವಾಗ ಉಸಿರು ಕಟ್ಟುತ್ತೆ.”

“ಅಪ್ಪ, ಫ್ಯಾನು ಅಂದ್ರೆ ರೇಡಿಯೇಟರ್ ಅಂದೆ, ಕ್ಯಾಬಿನೆಟ್ ಅಂದ್ರೆ ಬಾಡಿ ಕಟ್ಟೋದು ಅಂದೆ. ಒಂದನ್ನಾದ್ರೂ ಬಸ್ಸು ಮಾಡದೆ ಬಿಡು.”

“ನನಗೆ ಗೊತ್ತಿರೋದು ಅದೊಂದೇ ತಾನೇ.”

ಮಗಳು ಬೆರಳಿಟ್ಟ ಮಾನಿಟರ್ ಬಿಲ್ಲಿನಂತೆ ಬಾಗಿ ಅರ್ಧ ಮೇಜನ್ನು ನುಂಗಿತ್ತು. “ಇಷ್ಟಗಲ ಯಾಕೆ? ಎದುರಿಗಿರೋದು ಕಂಡ್ರೆ ಸಾಲ್ದಾ?” ಎಂದರು ಅವರು. “ಪಕ್ಕದಿಂದ ನುಗ್ಗೋರು ಕಾಣ್ದೆ ಇದ್ರೆ ನನ್ನ ಕಥೆ ಅಷ್ಟೇ. ಡ್ರೈವರಾಗಿ ನೀನೇ ಹೀಗನ್ನೋದಾ?” ಎಂದು ನಕ್ಕು ಅವಳು ಕೀಬೋರ್ಡು ನೋಡಲು ಆಚೆ ಹೋದಳು.

ಅವರು ನಗಲಿಲ್ಲ. ಕೆಲ ಕಾಲದಿಂದ ಬಸ್ಸಿನ ಎಡಗಡೆಯ ಬಾಗಿಲಿನಲ್ಲಿ ಜನ ಗಾಳಿಯಿಂದ ಉದುರಿದವರಂತೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತಿದ್ದರು. ಹೋದ ವಾರ ಒಬ್ಬ ಮುದುಕಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಿರುವಾಗಲೇ ಬಸ್ಸು ಹೊರಟಿತ್ತು. ಕಂಡಕ್ಟರ್ ಕೂಗಿರದಿದ್ದರೆ ಏನಾಗುತ್ತಿತ್ತೋ. ದಣಿವು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಹೆಂಡತಿಯ ಕಿವಿಗೂ ಹಾಕಿರಲಿಲ್ಲ. ಡಿಪೋದ ಕಣ್ಣಿನ ತಪಾಸಣೆಯಲ್ಲಿ ಅಕ್ಷರದ ಹಲಗೆ ನೇರ ಎದುರಿಗೇ ಇರುತ್ತದೆ. ಕೊನೆಯ ಸಾಲಿನವರೆಗೂ ತಡವರಿಸದೆ ಓದಿ ಬಂದಿದ್ದರು.

ಅಂಗಡಿಯಾಕೆ ಮಾನಿಟರಿಗೆ ವೈರು ಸಿಕ್ಕಿಸಿದಳು. ಪರದೆಯ ತುಂಬ ಬರೀ ಬಿಳುಪು ಹರಡಿತು. “ಬಿಲ್ಲು ಯಾರ ಹೆಸರಿಗೋ ಅವರೇ ನೋಡ್ಬೇಕು ಯಜಮಾನ್ರೇ. ಎಲ್ಲಾದ್ರೂ ಚುಕ್ಕೆ ಇದ್ರೆ ಈಗಲೇ ಹೇಳಿ. ಮನೆಗೆ ಒಯ್ದ ಮೇಲೆ ನಾನು ವಾಪಸ್ ತಗೊಳ್ಳಲ್ಲ.”

ಅವರು ಸ್ಟೂಲಿನ ಮೇಲೆ ಕೂತು ಸಾವಕಾಶವಾಗಿ ನೋಡಿದರು. “ಚೊಕ್ಕಟವಾಗಿದೆ ತಾಯಿ. ಕಟ್ಟಿಬಿಡಿ.”

“ಇನ್ನೊಂದ್ಸಲ ನೋಡಿ.”

“ನೋಡಿದೆನಲ್ಲ. ಹಾಲಿನ ಹಾಗಿದೆ.”

ಅವಳು ದಣಿದ ದನಿಯಲ್ಲಿ, ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ಹೇಳುವಂತೆ ಹೇಳಿದಳು: “ಒಂದು ಕೆಂಪು ಚುಕ್ಕೆ ನಾನೇ ಅಂಟಿಸಿರ್ತೀನಿ. ಸುಮ್ನೆ ತಲೆ ಆಡಿಸೋರು ಸಿಕ್ಕಿಬೀಳ್ತಾರೆ.”

ಅವರು ಮತ್ತೆ ನೋಡಿದರು. ಎಲ್ಲಿಯೂ ಕೆಂಪಿರಲಿಲ್ಲ. ಕೀಬೋರ್ಡು ಹಿಡಿದು ಹಿಂದೆ ಬಂದು ನಿಂತಿದ್ದ ಮಗಳು, “ಆಟ ಆಡ್ಬೇಡಪ್ಪ, ಅಷ್ಟು ದೊಡ್ಡದಿದೆ,” ಎಂದು ನಕ್ಕಳು.

ಅಂಗಡಿಯಾಕೆ ಕೈ ಚಾಚಿ ಎಲ್ಲಿಂದಲೋ ಚುಕ್ಕೆಯನ್ನು ಕಿತ್ತು ಬಲಗಡೆಗೆ ಅಂಟಿಸಿದಳು. ಅವರು ತಟ್ಟನೆ ಬೆರಳು ತೋರಿಸಿದರು. ಬಲಗಡೆಯೇ ಮೇಲಕ್ಕೆ ಅಂಟಿಸಿದಳು, ಅದಕ್ಕೂ ತೋರಿಸಿದರು. ಮತ್ತೆ ಅವಳ ಕೈ ಎಡಕ್ಕೆ ಸರಿಯಿತು. ಅರ್ಧ ದಾರಿಯಲ್ಲಿ ಆ ಕೈಯೇ ಇಲ್ಲವಾಯಿತು. ಮಗಳು ನಗುವುದನ್ನು ನಿಲ್ಲಿಸಿದ್ದು ಅವರಿಗೆ ಬೆನ್ನಿನಲ್ಲೇ ತಿಳಿಯಿತು.

“ಬೇಕಿದ್ರೆ ಬೇರೆ ಮಾನಿಟರ್ ತೆಗೆದುಕೊಡ್ತೀನಿ,” ಎಂದಳು ಅಂಗಡಿಯಾಕೆ, ದನಿ ತಗ್ಗಿಸಿ.

“ಮಾನಿಟರ್ ಸರಿ ಇದೆ ತಾಯಿ.”

ಹೊರಗಿನ ಜಗಲಿಯವರೆಗೆ ಹೋಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕಂಬಕ್ಕೆ ಒರಗಿ ಫೋನ್ ತೆಗೆದು ಡಿಪೋದಲ್ಲಿ ಡ್ಯೂಟಿ ಹಾಕುವವನಿಗೆ ಹಚ್ಚಿದರು. “ನಾಳೆ ನನ್ನ ಬಸ್ಸು ಬೇರೆ ಯಾರಿಗಾದ್ರೂ ಕೊಡಪ್ಪ.”

“ಯಾಕಣ್ಣ, ಜ್ವರಾನಾ? ನಾಡಿದ್ದಿಗೆ ಹಾಕ್ಲಾ?”

“ನಾಡಿದ್ದೂ ಬೇಡ. ಮುಂದಕ್ಕೂ ಬೇಡ.” ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. “ಎಡಗಡೆ ಬಾಗಿಲಲ್ಲಿ ಹತ್ತೋರು ನನಗೆ ಕಾಣ್ತಿಲ್ಲ ಮಾರಾಯ.”

“ಎಷ್ಟು ದಿನದಿಂದ ಅಣ್ಣ?”

ಅವರು ಎದುರಿಗೆ ನೋಡಿದರು, ಬಲಕ್ಕೆ ನೋಡಿದರು. ಮಗಳು ಇನ್ನೂ ಒಳಗೇ ಇರಬೇಕು. ಆದರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

“ಮಗಳು ಹತ್ರ ಇಲ್ಲ, ನಿಂಗೆ ಹೇಳ್ತೀನಿ. ಆರು ತಿಂಗಳಾಯ್ತು.”

ಅವರ ಎಡಗಡೆ, ಒಂದು ಗೇಣು ದೂರದಲ್ಲಿ ನಿಂತಿದ್ದ ಮಗಳು ಉಸಿರು ಬಿಗಿಹಿಡಿದಳು.