ರಬ್ಬರ್ ಬಿಲ್ಲೆ

"ಮತ್ತೆ ಕೈಕೊಟ್ಟಿತು ನೋಡು ನಿನ್ನ ಮಿಷನ್ನು!"

ಭಾವ ಚೈನ್ ಗರಗಸವನ್ನು ಸತ್ತ ಹೆಗ್ಗಣದಂತೆ ಒಂದೇ ಕೈಯಲ್ಲಿ ತೂಗಾಡಿಸುತ್ತ ಷೆಡ್ಡಿಗೆ ನುಗ್ಗಿದ. ನಾದಿನಿ ತಲೆ ಎತ್ತಲಿಲ್ಲ. ಇನ್ನೊಂದು ಗರಗಸದ ಹಲ್ಲುಗಳಿಗೆ ಅರ ಹಾಕುತ್ತಿದ್ದಳು.

"ಮೆಲ್ಲಗೆ ಇಡಿ ಭಾವ. ಅದು ನಿಮ್ಮ ತಲೆಯಲ್ಲ, ಒಳಗೆ ಸಾಮಾನಿದೆ."

"ಮಾತಿಗೇನೂ ಕಮ್ಮಿ ಇಲ್ಲ. ಮರದ ತುದೀಲಿ ನಿಂತಿರೋನು ನಾನು. ಅಲ್ಲಿ ಇದು ಉಸಿರೆತ್ತದಿದ್ರೆ ಕೊಂಬೇನ ಹಲ್ಲಲ್ಲಿ ಕಚ್ಚಿ ಕಡೀಲಾ?"

ಅಪಾಯದ ಕೊಂಬೆಗಳನ್ನು ಹತ್ತಿ ಕೊಯ್ದಿಳಿಸುವುದು ಈ ಮನೆಯ ಕಸುಬು. ಅಕ್ಕ ಗಿರಾಕಿಗಳನ್ನು ಹಿಡಿದು ತರುತ್ತಾಳೆ, ಅವಳ ಗಂಡ ಹತ್ತುತ್ತಾನೆ, ತಂಗಿ ಯಂತ್ರಗಳಿಗೆ ಜೀವ ಕೊಡುತ್ತಾಳೆ. ಮೂವರಲ್ಲಿ ಒಬ್ಬ ದಂಡಪಿಂಡ ಎಂಬುದು ತಂಗಿಯ ಖಚಿತ ಅಭಿಪ್ರಾಯ. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆತು ಎಂಜಿನ್ ಸುಟ್ಟವನು ಭಾವ. ಚೈನನ್ನು ಹಿಂದುಮುಂದಾಗಿ ಹಾಕಿ, ಕೊಯ್ಯಲಿಲ್ಲವೆಂದು ಮರವನ್ನೇ ಬೈದವನೂ ಅವನೇ. ಹೋದ ವರ್ಷ ಕೊಂಬೆ ಮುರಿದು ಹಗ್ಗದಲ್ಲಿ ತಲೆಕೆಳಗಾಗಿ ನೇತಾಡಿದ್ದನ್ನು ಸಿಕ್ಕಸಿಕ್ಕವರಿಗೆ ಹೇಳುತ್ತಾನೆ. ಹೇಳಿದಷ್ಟೂ ಮರ ಎತ್ತರವಾಗುತ್ತದೆ. ಅಂದಿನಿಂದ ಸೊಂಟದ ಪಟ್ಟಿಗೆ ಹೊಸ ಹೊಸ ಕೊಕ್ಕೆಗಳು ಬೇರೆ.

"ಒಡವೆ ಹೆಚ್ಚಾದಂಗಿದೆ ಭಾವ," ಎಂದು ಅವಳು ಅಂದಿದ್ದಳು. "ಮೂಗುತಿ ಒಂದು ಬಾಕಿ."

ಇವತ್ತು ಅವನು ಹೋದ ಮೇಲೆ, ಅವನು ತಂದಿಟ್ಟ ಗರಗಸದ ಪ್ಲಗ್ಗಿನ ಟೊಪ್ಪಿ ಕಿತ್ತು ನೋಡಿದಳು. ಇತ್ತು. ಕರೆಂಟು ದಾಟುವ ಜಾಗದಲ್ಲಿ ಸೈಕಲ್ ಟ್ಯೂಬಿನ ಉಗುರಗಲದ ಬಿಲ್ಲೆ. ಕಿಡಿ ಹಾರುವಂತಿಲ್ಲ. ಕಳೆದ ಸಲವೂ ಇದೇ, ಅದರ ಹಿಂದಿನ ಸಲವೂ ಇದೇ. ನೆಲದ ಮೇಲೆ ನಿಂತು ಬಳಸುವ ಉದ್ದ ಕೋಲಿನ ಗರಗಸಕ್ಕೆ ಮಾತ್ರ ಒಂದು ದಿನವೂ ಈ ರೋಗ ಬಂದಿರಲಿಲ್ಲ.

ಇಷ್ಟು ಅಚ್ಚುಕಟ್ಟಾಗಿ ಕೆಡಿಸಲು ತಲೆ ಬೇಕು. ಹಾಗಾಗಿ ಭಾವನ ಹೆಸರು ಅವಳ ಮನಸ್ಸಿಗೆ ಬರಲೇ ಇಲ್ಲ. ಬಂದದ್ದು ಕೊಕ್ಕರೆಯ ಹೆಸರು. ಕೊಕ್ಕರೆ ಕೆಳಗಿನ ಕೆಲಸದ ಆಳು. ಉದ್ದ ಕಾಲು, ನರೆತ ತಲೆ, ಭಾವನ ಜಾಗದ ಮೇಲೆ ಕಣ್ಣು. ಭಾವ ಮೇಲೆ ಹತ್ತಿ ಕೂತ ಮೇಲೆ ಗರಗಸವನ್ನು ಹಗ್ಗಕ್ಕೆ ಕಟ್ಟಿ ಕಳಿಸುವವನು ಅವನೇ. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಕಳ್ಳ ಮೊದಲು ಕೈಗೆ ಸಿಗಬೇಕು.

ಸಂಜೆ ಅಕ್ಕ ಷೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ಷೆಡ್ಡಿಗೆ ಬೀಗ ಹಾಕ್ತೀನಿ ಕಣೆ. ರಿಪೇರಿ ಎಲ್ಲ ಪೇಟೆ ಅಂಗಡಿಗೆ. ಮೇಲೆ ಹೋಗೋದು ನನ್ನ ಗಂಡ, ನೀನಲ್ಲ."

ತಂಗಿ ಅರ ಹಾಕುವುದನ್ನು ನಿಲ್ಲಿಸಿದಳು. ಅಪ್ಪ ಕೈಹಿಡಿದು ಕಲಿಸಿದ ಕೆಲಸ. ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮರುದಿನ ಅಕ್ಕ, ಭಾವನ ಜೊತೆ ಅವಳೂ ಕೆಲಸದ ಜಾಗಕ್ಕೆ ಹೊರಟಳು. ಆಸ್ಪತ್ರೆಯ ಚಾವಣಿಯ ಮೇಲೆ ಬಿರುಕುಬಿಟ್ಟ ಕೊಂಬೆಯೊಂದು ಚಾಚಿತ್ತು. ಮೊದಲು ಕೊಕ್ಕರೆಯನ್ನು ದೂರ ಅಟ್ಟಿದಳು.

"ಆ ಸೊಪ್ಪು ಪುಡಿಮಾಡೋ ಮಿಷನ್ ಹತ್ರ ನಿಂತ್ಕೊ. ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ."

"ನನ್ನ ಕಂಡ್ರೆ ಯಾಕಮ್ಮ ಇಷ್ಟು ಕೋಪ?"

"ಪ್ರೀತಿ ಬರೋವಂಥ ಮುಖವಾ ಅದು?"

ಭಾವ ಹತ್ತತೊಡಗಿದ. ಕೈಯನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಒಂದೊಂದು ಹೆಜ್ಜೆಗೂ ಕೊಕ್ಕೆಗಳನ್ನು ಎಳೆದು ನೋಡುತ್ತ, ಕಾಂಡವನ್ನು ತಬ್ಬಿಕೊಂಡು. ಬಸವನಹುಳುವೇ ಅವನಿಗಿಂತ ಚುರುಕು.

"ಮರಾನ ಮುದ್ದಾಡಿದ್ದು ಸಾಕು ಭಾವ! ಅಕ್ಕ ನೋಡ್ತಿದ್ದಾಳೆ!"

ಅಕ್ಕನಿಗೆ ನಗು ಬರಲಿಲ್ಲ.

ನಾದಿನಿ ಗರಗಸದ ಪ್ಲಗ್ಗಿನ ಟೊಪ್ಪಿ ಕಿತ್ತು ಅಕ್ಕನಿಗೆ ತೋರಿಸಿದಳು. ಒಳಗೆ ಏನೂ ಇಲ್ಲ. ಮತ್ತೆ ಹಾಕಿ ದಾರ ಎಳೆದಳು. ಗರಗಸ ಒಂದೇ ಎಳೆತಕ್ಕೆ ಗುಡುಗಿತು. ಆರಿಸಿ, ತಾನೇ ಹಗ್ಗಕ್ಕೆ ಕಟ್ಟಿದಳು. ಅದು ತೂಗಾಡುತ್ತ ಮೇಲೇರಿ ಎಲೆಗಳೊಳಗೆ ಮರೆಯಾಯಿತು. ಕೊಕ್ಕರೆ ಅಟ್ಟಿದಲ್ಲೇ ನಿಂತು ಆಕಳಿಸುತ್ತಿದ್ದ.

ಮೇಲಿಂದ ದಾರ ಎಳೆದ ಸದ್ದು. ಕರ್. ಕರ್. ಮತ್ತೆ ಕರ್. ಆಮೇಲೆ ಭಾವನ ಅಬ್ಬರ.

"ಸತ್ತಿದೆ ಇದು! ನೋಡಿದೆಯಾ ನಿನ್ನ ತಂಗಿ ಕೈಗುಣ?"

ಗರಗಸ ಇಳಿಯಿತು. ಹಿಂದೆಯೇ ಭಾವ ಇಳಿದ. ಹತ್ತಿದ್ದಕ್ಕಿಂತ ನಿಧಾನವಾಗಿ, ಹತ್ತಿದ್ದಕ್ಕಿಂತ ಜೋರಾಗಿ ಬೈಯುತ್ತ.

ನಾದಿನಿ ಅವರಿಗೆ ಬೆನ್ನು ಮಾಡಿ ಕೂತು ಟೊಪ್ಪಿ ಕಿತ್ತಳು.

ಬಿಲ್ಲೆ ಇತ್ತು.

ಅವಳು ಕೊಕ್ಕರೆಯತ್ತ ನೋಡಿದಳು. ತಾನು ಕಟ್ಟಿದ ಗಂಟನ್ನು ನೋಡಿದಳು. ಎಲೆಗಳತ್ತ ಕತ್ತೆತ್ತಿದಳು. ಕೊನೆಗೆ ಭಾವನತ್ತ ತಿರುಗಿದಳು. ಬೈಗುಳ ತಟ್ಟನೆ ನಿಂತಿತು.

"ಏನೇ ಅದು?" ಅಕ್ಕ ಕೇಳಿದಳು. "ಏನಾಗಿದೆ ಅದಕ್ಕೆ?"

ನಾದಿನಿ ಮುಷ್ಟಿ ಬಿಗಿದುಕೊಂಡಳು.

"ಏನಿಲ್ಲ. ನಂದೇ ತಪ್ಪು. ಒಳಗಿನ ವೈರ್ ಸಡಿಲ ಬಿಟ್ಟಿದ್ದೆ."

"ಹಾಗಾದ್ರೆ ಬೀಗ."

"ಬೀಗ ಬೇಡ ಅಕ್ಕ. ನಾನು ಹೆಡ್ಡಿ, ಒಪ್ಕೋತೀನಿ. ನಾಳೆಯಿಂದ ನನ್ನ ಮೇಲೆ ಕಣ್ಣಿಡೋಕೆ ಭಾವನ್ನ ಷೆಡ್ಡಲ್ಲಿ ಕೂರಿಸು. ಮರ ಹತ್ತೋದು ಬಿಡು, ಅದಕ್ಕೆ ತಲೆ ಬೇಕಾ? ಕೊಕ್ಕರೆ ಹತ್ತುತ್ತಾನೆ."

ಅಕ್ಕ ಗಂಡನ ಕಡೆ ತಿರುಗಿದಳು. "ಏನ್ರೀ? ಆಗತ್ತಾ?"

"ಮನೆ ಕೆಲಸ. ಯಾರಾದ್ರೂ ನೋಡ್ಕೋಬೇಕಲ್ಲ," ಎಂದ ಭಾವ, ತುಂಬ ಮೆಲ್ಲಗೆ.

ನೆಲದ ಮೇಲೆ ನಿಂತು ಅಷ್ಟು ಹೊತ್ತಾಗಿದ್ದರೂ, ಅವನ ಎಡಗೈ ಇನ್ನೂ ಮರವನ್ನು ಬಿಟ್ಟಿರಲಿಲ್ಲ.